ಗೋಡೆಯ ಮೇಲಿನ ದಾಳಿ ನಕ್ಷೆ: ನಿಗಾ ಕೆಲಸಕ್ಕೆ ಇದರಿಂದ ನಿಜವಾಗಿ ಏನು ಪ್ರಯೋಜನ?

ಪ್ರಶ್ನೆ: ಚಂದ್ರಗಿರಿ ತೀರ (ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಸ್ಥೆಯ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ವಿಭಾಗ ಎಂಬುದು ದೊಡ್ಡ ಮಾತಾಯಿತು. ನಾನು ಮತ್ತು ಒಬ್ಬ ಸಹಾಯಕರು, ಅಷ್ಟೇ. ಕೇಂದ್ರ ಕಚೇರಿಯ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ಸೋಸುವ ತಡೆಗೋಡೆ), ಶಾಖೆಗಳ ವಿಪಿಎನ್ (ಗೂಢಲಿಪಿಯ ಖಾಸಗಿ ಜಾಲ) ಸಂಪರ್ಕ, ಸದಸ್ಯರು ಮೊಬೈಲಿನಲ್ಲಿ ಬಳಸುವ ಆ್ಯಪ್‌ನ ಸರ್ವರ್, ಈ ಮೂರರ ಲಾಗ್‌ಗಳೂ (ಚಟುವಟಿಕೆಯ ದಾಖಲೆಗಳೂ) ಒಂದೆಡೆ ಸೇರಲಿ ಎಂದು ಕಳೆದ ಮಳೆಗಾಲದಲ್ಲಿ ಎಲಾಸ್ಟಿಕ್‌ಸರ್ಚ್ ಮತ್ತು ಕಿಬಾನಾ ಎಂಬ, ದಾಖಲೆಗಳನ್ನು ಹುಡುಕಿ ಪರದೆಯಲ್ಲಿ ತೋರಿಸುವ ತಂತ್ರಾಂಶಗಳನ್ನು ಸ್ಥಾಪಿಸಿದೆವು. ಅದರಲ್ಲಿ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯನ್ನು) ಅಕ್ಷಾಂಶ ರೇಖಾಂಶಗಳಾಗಿ ಬದಲಿಸುವ ಸೌಲಭ್ಯ ಇರುವುದರಿಂದ, ಹೊರಗಿನಿಂದ ಬರುವ ಪ್ರತಿಯೊಂದು ಸಂಪರ್ಕ ಯತ್ನವನ್ನೂ ವಿಶ್ವ ಭೂಪಟದ ಮೇಲೆ ಕೆಂಪು ವೃತ್ತವಾಗಿ ತೋರಿಸುವ ಒಂದು ಪರದೆಯನ್ನು ಸಿದ್ಧಪಡಿಸಿ, ಕಚೇರಿಯ ಗೋಡೆಯ ಟಿವಿಯಲ್ಲಿ ಹಾಕಿದೆ. ಒಪ್ಪಿಕೊಳ್ಳುತ್ತೇನೆ, ನೋಡಲು ಬಹಳ ಚೆನ್ನಾಗಿತ್ತು.

ನಿರ್ದೇಶಕ ಮಂಡಳಿಯ ಸಭೆಗೆ ಬಂದವರೆಲ್ಲ ಆ ಪರದೆಯ ಮುಂದೆ ನಿಂತರು. ರಷ್ಯ, ಚೀನಾ, ಬ್ರೆಜಿಲ್, ನೆದರ್ಲೆಂಡ್ಸ್‌ಗಳಲ್ಲಿ ದೊಡ್ಡ ದೊಡ್ಡ ವೃತ್ತಗಳು ಮೂಡುವುದನ್ನು ಕಂಡ ಒಬ್ಬ ಹಿರಿಯ ನಿರ್ದೇಶಕರು, "ಇವರಿಗೆಲ್ಲ ನಮ್ಮ ಅಡಿಕೆ ಬೆಳೆಗಾರರ ಮೇಲೆ ಏನು ಸಿಟ್ಟು?" ಎಂದು ಕೇಳಿದರು. ನಾನು ನಕ್ಕೆನಾದರೂ ಉತ್ತರ ಹೊಳೆಯಲಿಲ್ಲ. ಈಗ ಭಾರತದ ಹೊರಗಿನ ಎಲ್ಲ ದೇಶಗಳನ್ನೂ ಫೈರ್‌ವಾಲ್‌ನಲ್ಲಿ ತಡೆಹಿಡಿಯಬೇಕೆಂಬ ಸೂಚನೆ ಬಂದಿದೆ. ನಮ್ಮ ಸದಸ್ಯರಲ್ಲಿ ಅಥವಾ ಅವರ ಮನೆಯವರಲ್ಲಿ ಎಷ್ಟು ಮಂದಿ ದುಬೈ, ಶಾರ್ಜಾಗಳಲ್ಲಿದ್ದಾರೆ ಎಂಬುದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಗೊಂದಲವೂ ಇದೆ. ಮುಳ್ಳೇರಿಯದಲ್ಲೋ ಬದಿಯಡ್ಕದಲ್ಲೋ ಮನೆಯಲ್ಲಿ ಕುಳಿತು ಆ್ಯಪ್ ತೆರೆಯುವ ಸದಸ್ಯರು ನಕ್ಷೆಯಲ್ಲಿ ಕೊಚ್ಚಿ, ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಕಾಸರಗೋಡಿನಲ್ಲಿ ಒಂದು ಚುಕ್ಕಿಯೂ ಇಲ್ಲ. ಒಬ್ಬರೇ ಸದಸ್ಯರು ಹತ್ತು ನಿಮಿಷಗಳ ಅಂತರದಲ್ಲಿ ಬೆಂಗಳೂರಿನಿಂದ ಕೊಚ್ಚಿಗೆ ಹಾರಿದ್ದಾರೆ ಎಂಬ ಎಚ್ಚರಿಕೆಗಳಂತೂ ದಿನಕ್ಕೆ ಹಲವು ಬಾರಿ ಬರುತ್ತಿವೆ. ಈ ನಕ್ಷೆಯನ್ನು ನಂಬಿ ತೀರ್ಮಾನ ತೆಗೆದುಕೊಳ್ಳಬಹುದೇ, ಅಥವಾ ಇದು ಸಭೆಗೆ ಬಂದವರಿಗೆ ತೋರಿಸುವ ಚಿತ್ರ ಮಾತ್ರವೇ? ನಿಗಾ ಕೇಂದ್ರಗಳಲ್ಲಿ ಕೆಲಸ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಲಾಗ್ ಓದುಗ (ಹೊಸೂರು)

ನಾನು ಹೊಸೂರಿನಿಂದ ಅತ್ತಿಬೆಲೆ ದಾಟಿ ಬೆಂಗಳೂರಿನ ಒಂದು ಭದ್ರತಾ ನಿಗಾ ಕೇಂದ್ರಕ್ಕೆ ಪಾಳಿಯ ಮೇಲೆ ಹೋಗುವವನು. ನಮ್ಮಲ್ಲಿಯೂ ಅಂಥದ್ದೇ ಒಂದು ನಕ್ಷೆ ಇದೆ. ಅತಿಥಿಗಳು ಬರುವ ದಿನ ಅದು ಬೆಳಗುತ್ತದೆ, ಉಳಿದ ದಿನ ಆ ಪರದೆಯಲ್ಲಿ ಬೇರೇನೋ ಇರುತ್ತದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ತಮಾಷೆಯಾಗಿ 'ಪ್ಯೂ ಪ್ಯೂ ನಕ್ಷೆ' ಎನ್ನುತ್ತಾರೆ, ಮಕ್ಕಳು ಆಟಿಕೆಯ ಬಂದೂಕು ಹಿಡಿದಾಗ ಬಾಯಲ್ಲಿ ಮಾಡುವ ಸದ್ದಿನ ಹೆಸರು.

ನಿಮ್ಮ ನಿರ್ದೇಶಕರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ಪ್ರಶ್ನೆ ಅವರದೇ ತಪ್ಪಲ್ಲ, ನಕ್ಷೆಯೇ ಅದನ್ನು ಅವರ ಬಾಯಲ್ಲಿ ಇಟ್ಟಿತು. ಒಂದು ಸ್ಥಳದಿಂದ ಇನ್ನೊಂದು ಸ್ಥಳದತ್ತ ಏನೋ ಬರುತ್ತಿದೆ ಎಂದು ಚಿತ್ರ ಬರೆದರೆ, ನೋಡುವವರು ಅಲ್ಲಿ ಕುಳಿತವರಿಗೂ ಇಲ್ಲಿ ಕುಳಿತವರಿಗೂ ಒಂದು ಹಗೆಯ ಸಂಬಂಧವನ್ನು ಊಹಿಸಿಕೊಳ್ಳುವುದು ಸಹಜ. ವಾಸ್ತವದಲ್ಲಿ ಅಂಥ ಸಂಬಂಧ ಇರುವುದೇ ಅಪರೂಪ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ಝೀಮ್ಯಾಪ್ ಎಂಬ ಸಾಧನವು ಒಂದು ಗಿಗಾಬಿಟ್ ಸಂಪರ್ಕವಿರುವ ಒಂದೇ ಯಂತ್ರದಿಂದ ಇಡೀ ಐಪಿವಿ4 (ಐಪಿ ವಿಳಾಸಗಳ ನಾಲ್ಕನೆಯ ಆವೃತ್ತಿ) ವಿಳಾಸ ಸಮೂಹವನ್ನು 45 ನಿಮಿಷಗಳೊಳಗೆ ತಡಕಾಡಬಲ್ಲದು. ಅಂದರೆ ನಿಮ್ಮ ಫೈರ್‌ವಾಲ್‌ನ ಬಾಗಿಲು ತಟ್ಟಿದವನಿಗೆ ಅದು ಕಾಸರಗೋಡಿನ ಸಹಕಾರಿ ಸಂಸ್ಥೆಯ ಬಾಗಿಲೆಂಬುದೇ ಗೊತ್ತಿರುವುದಿಲ್ಲ. ಅವನು ಜಗತ್ತಿನ ಎಲ್ಲ ಬಾಗಿಲುಗಳನ್ನೂ ತಟ್ಟುತ್ತ ಹೋಗಿದ್ದಾನೆ, ನಿಮ್ಮದೂ ಅದರಲ್ಲಿ ಒಂದು.

ಆ ವೃತ್ತ ಕಾಣಿಸಿದ ಊರಿನಲ್ಲಿ ಅವನು ಇದ್ದಾನೆಂಬುದಕ್ಕೂ ಆಧಾರವಿಲ್ಲ. ನಮಗೆ ಕಾಣುವುದು ಕೊನೆಯ ಹೆಜ್ಜೆಯ ವಿಳಾಸ ಮಾತ್ರ. 2016ರ ಮಿರಾಯ್ ಬಾಟ್‌ನೆಟ್ (ದಾಳಿಕೋರರ ವಶವಾದ ಯಂತ್ರಗಳ ಪಡೆ) ನೆನಪಿಸಿಕೊಳ್ಳಿ: ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕಣ್ಗಾವಲು ಕ್ಯಾಮೆರಾಗಳು, ರೂಟರ್‌ಗಳು, ವಿಡಿಯೊ ರೆಕಾರ್ಡರ್‌ಗಳು ಅದರ ಸೈನ್ಯವಾಗಿದ್ದವು. ಯಾವುದೋ ಅಂಗಡಿಯ ಕ್ಯಾಮೆರಾ ನಿಮ್ಮ ನಕ್ಷೆಯಲ್ಲಿ ಬ್ರೆಜಿಲ್ ದೇಶದ ದಾಳಿಯಾಗಿ ಕಾಣುತ್ತದೆ. ನೆದರ್ಲೆಂಡ್ಸ್, ಸಿಂಗಾಪುರ, ಅಮೆರಿಕದ ವರ್ಜೀನಿಯಾಗಳಲ್ಲಿ ದೊಡ್ಡ ವೃತ್ತಗಳು ಕಂಡರೆ ಅದು ಅಲ್ಲಿನ ಜನರ ಕೆಲಸವಲ್ಲ, ಬಾಡಿಗೆಗೆ ಸಿಗುವ ಸರ್ವರ್‌ಗಳ ಡೇಟಾ ಸೆಂಟರ್‌ಗಳು ಅಲ್ಲಿ ದಟ್ಟವಾಗಿವೆ ಎಂಬುದರ ಕುರುಹು. ಹೀಗಾಗಿ ಕಚ್ಚಾ ಎಣಿಕೆಯನ್ನು ಹಾಕಿದ ದಾಳಿ ನಕ್ಷೆ ಹೆಚ್ಚುಕಡಿಮೆ ಜಗತ್ತಿನ ಡೇಟಾ ಸೆಂಟರ್‌ಗಳ ನಕ್ಷೆಯೇ ಆಗಿರುತ್ತದೆ. ಇಂಥ ಅಬ್ಬರದ ನಕ್ಷೆಗೆ ಹೆಸರಾಗಿದ್ದ ನಾರ್ಸ್ ಎಂಬ ಅಮೆರಿಕದ ಸಂಸ್ಥೆ 2016ರ ಆರಂಭದಲ್ಲಿ ಕುಸಿಯಿತು. ಅದರ ನಕ್ಷೆಯ ಗೆರೆಗಳ ಹಿಂದೆ ಇದ್ದದ್ದು ಸಂಸ್ಥೆ ದಾಳಿಕೋರರನ್ನು ಸೆಳೆಯಲೆಂದು ತಾನೇ ಅಲ್ಲಲ್ಲಿ ಇಟ್ಟಿದ್ದ ಬಲೆ ಯಂತ್ರಗಳ ದಾಖಲೆ. ಆದರೆ ಜನ ಅದನ್ನು ದೇಶ ದೇಶಗಳ ನಡುವಿನ ಯುದ್ಧದ ನೇರ ಪ್ರಸಾರವೆಂದು ನೋಡುತ್ತಿದ್ದರು.

ಇನ್ನು ಸ್ಥಳದ ನಿಖರತೆ. ಐಪಿ ವಿಳಾಸ ಪಿನ್‌ಕೋಡ್ ಅಲ್ಲ. ಯಾವ ಸಂಸ್ಥೆಗೆ ಯಾವ ವಿಳಾಸಗಳ ಗುಂಪು ಹಂಚಿಕೆಯಾಗಿದೆ ಎಂಬ ನೋಂದಣಿ ದಾಖಲೆ, ಸೇವಾದಾರರು ತಾವಾಗಿ ಕೊಡುವ ಮಾಹಿತಿ, ಸಂಕೇತ ಹೋಗಿ ಬರಲು ಹಿಡಿಯುವ ಸಮಯದ ಅಳತೆ, ಇವನ್ನೆಲ್ಲ ಬೆರೆಸಿ ಮಾಡಿದ ಅಂದಾಜಿಗೆ ನಾವು ಅಕ್ಷಾಂಶ ರೇಖಾಂಶವೆಂಬ ಗಂಭೀರ ಹೆಸರು ಕೊಟ್ಟಿದ್ದೇವೆ. ದೇಶದ ಮಟ್ಟದಲ್ಲಿ ಅದು ಬಹುತೇಕ ಸರಿಯಿರುತ್ತದೆ. ಊರಿನ ಮಟ್ಟಕ್ಕೆ ಇಳಿದಂತೆ ನೆಲ ಜಾರುತ್ತದೆ. ಅಮೆರಿಕದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ಗೊತ್ತಿದ್ದ ವಿಳಾಸಗಳಿಗೆ, ಇಂಥ ಅಂದಾಜಿನ ದತ್ತಾಂಶ ಒದಗಿಸುವ ಮ್ಯಾಕ್ಸ್‌ಮೈಂಡ್ ಸಂಸ್ಥೆ ದೇಶದ ನಡುಮಧ್ಯದ ಒಂದು ಬಿಂದುವನ್ನು, ಅಂದರೆ 38 ಡಿಗ್ರಿ ಉತ್ತರ ಮತ್ತು 97 ಡಿಗ್ರಿ ಪಶ್ಚಿಮವನ್ನು, ಪೂರ್ವನಿಯೋಜಿತವಾಗಿ ಕೊಟ್ಟಿತ್ತು. ಆ ಬಿಂದು ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಬಳಿ ಬಿತ್ತು. 60 ಕೋಟಿಗೂ ಹೆಚ್ಚು ವಿಳಾಸಗಳು ಆ ಮನೆಯತ್ತ ಬೊಟ್ಟು ಮಾಡುತ್ತಿದ್ದ ಕಾರಣ, ಕಳುವಾದ ಫೋನು ಹುಡುಕುವವರಿಂದ ಹಿಡಿದು ಪೊಲೀಸರವರೆಗೆ ವರ್ಷಗಟ್ಟಲೆ ಜನ ಅಲ್ಲಿಗೆ ಬಂದು ಕದ ತಟ್ಟಿದರು. 2016ರಲ್ಲಿ ಇದು ಸುದ್ದಿಯಾದ ಮೇಲೆ ಸಂಸ್ಥೆ ಆ ಬಿಂದುವನ್ನು ಒಂದು ಜಲಾಶಯದ ನಡುವೆ ಸರಿಸಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕೈಗೆ ನಕ್ಷೆ ಸಿಕ್ಕರೆ ಹೀಗಾಗುತ್ತದೆ.

ಅದೇ ದತ್ತಾಂಶದಲ್ಲಿ 'ನಿಖರತೆಯ ತ್ರಿಜ್ಯ' ಎಂಬ ಒಂದು ಕ್ಷೇತ್ರವಿದೆ, ಹೆಚ್ಚಿನವರು ಅದನ್ನು ತೆರೆದೇ ನೋಡುವುದಿಲ್ಲ. ಅದು ಕೆಲವೊಮ್ಮೆ 1000 ಕಿಲೋಮೀಟರ್ ಎಂದಿರುತ್ತದೆ. ಕೊಚ್ಚಿಯನ್ನು ಕೇಂದ್ರವಾಗಿಟ್ಟು ಅಷ್ಟು ದೊಡ್ಡ ವೃತ್ತ ಎಳೆದರೆ ಕೇರಳ, ತಮಿಳುನಾಡು, ಶ್ರೀಲಂಕಾ, ಬೀದರ್ ಸೇರಿದಂತೆ ಸಮಸ್ತ ಕರ್ನಾಟಕ, ಎಲ್ಲವೂ ಒಳಗೆ ಬರುತ್ತವೆ. ನಕ್ಷೆ ಮಾತ್ರ ಕೊಚ್ಚಿಯ ಮೇಲೆ ಸೂಜಿಮೊನೆಯಷ್ಟು ಚುಕ್ಕಿ ಇಟ್ಟು ಸುಮ್ಮನಾಗುತ್ತದೆ.

ಇಷ್ಟಾದರೂ ನಕ್ಷೆಯ ಮೇಲೆ ನನ್ನ ಮುಖ್ಯ ಆಕ್ಷೇಪ ನಿಖರತೆಯದ್ದಲ್ಲ. ವೃತ್ತದ ಗಾತ್ರ ಎಣಿಕೆಯನ್ನು ತೋರಿಸುತ್ತದೆ, ನಮಗೆ ಬೇಕಾದದ್ದು ಎಣಿಕೆಯಲ್ಲ. ಫೈರ್‌ವಾಲ್ ತಡೆದ ಒಂದು ಲಕ್ಷ ಯತ್ನಗಳು ಮುಗಿದ ಕಥೆ; ಅವು ಬಂದವು, ಹೋದವು. ಅದೇ ರಾತ್ರಿ ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದ ಒಂದೇ ಒಂದು ಲಾಗಿನ್ ಇದ್ದರೆ ನನ್ನ ಪಾಳಿಯ ಪೂರ್ತಿ ಸಮಯ ಅದಕ್ಕೆ ಮೀಸಲಾಗಬೇಕು. ನಕ್ಷೆಯಲ್ಲಿ ಒಂದು ಲಕ್ಷ ಎಂಬುದು ತಟ್ಟೆಯಷ್ಟು ದೊಡ್ಡ ವೃತ್ತ, ಒಂದು ಎಂಬುದು ಸಾಸಿವೆ. ಅದೂ ಬಹುಪಾಲು ತಟ್ಟೆಯ ಅಡಿಯಲ್ಲೇ ಬಿದ್ದಿರುತ್ತದೆ. ಅದಕ್ಕಿಂತ ಒಂದು ಸರಳ ಕೋಷ್ಟಕ ಮೇಲು. ಯಶಸ್ವಿಯಾದ ಲಾಗಿನ್‌ಗಳು ಮಾತ್ರ, ಖಾತೆಯ ಹೆಸರು, ಸಮಯ, ಮತ್ತು ದೇಶದ ಜಾಗದಲ್ಲಿ ವಿಳಾಸ ಸೇರಿದ ಜಾಲದ ಸಂಖ್ಯೆ, ಅಂದರೆ ಎಎಸ್‌ಎನ್. 9829 ಎಂದರೆ ಬಿಎಸ್‌ಎನ್‌ಎಲ್, 55836 ಎಂದರೆ ಜಿಯೊ, 14061 ಎಂದರೆ ಡಿಜಿಟಲ್ ಓಷನ್ ಎಂಬ ಸರ್ವರ್ ಬಾಡಿಗೆ ಸಂಸ್ಥೆ. ನಿಮ್ಮ ಶಾಖೆಯ ಗುಮಾಸ್ತರು ಜಿಯೊ ಮೂಲಕ ಬಂದರೆ ಸಹಜ. ಬಾಡಿಗೆ ಸರ್ವರ್ ಮೂಲಕ ಬಂದರೆ, ಆ ಸರ್ವರ್ ಭಾರತದಲ್ಲೇ ಇದ್ದರೂ, ಎದ್ದು ಕುಳಿತು ವಿಚಾರಿಸಬೇಕಾದ ವಿಷಯ. ದೇಶದ ಬಣ್ಣ ಹಚ್ಚಿದ ನಕ್ಷೆ ಈ ಎರಡನ್ನೂ ಒಂದೇ ಭಾರತವೆಂದು ತೋರಿಸುತ್ತದೆ.

ಸಮಯದ ವಿಷಯದಲ್ಲಿ ಒಂದು ಮಾತು. ನಕ್ಷೆಗೆ ಗಡಿಯಾರವಿಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಸೈಬರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಯಂತ್ರಗಳ ಗಡಿಯಾರಗಳನ್ನು ಹೊಂದಿಸಿರಬೇಕು. ಫೈರ್‌ವಾಲ್ ಭಾರತೀಯ ಸಮಯದಲ್ಲೂ ಸರ್ವರ್ ಜಾಗತಿಕ ಸಮಯದಲ್ಲೂ ಬರೆಯುತ್ತಿದ್ದರೆ ಐದೂವರೆ ಗಂಟೆಯ ಕಂದಕ ಬೀಳುತ್ತದೆ. ಟಿವಿಗಿಂತ ಮೊದಲು ಅದನ್ನು ಸರಿಪಡಿಸಿ.

ಉತ್ತರ 2: ಎರೆಮಣ್ಣು (ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ)

ಮೇಲಿನ ಉತ್ತರದ ದಾಳಿ ನಕ್ಷೆಯ ಟೀಕೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಓದಿದವರು ನಕ್ಷೆಯನ್ನೇ ಟಿವಿಯಿಂದ ಕಿತ್ತು ಹಾಕಿಬಿಡಬಹುದೆಂಬ ಭಯದಿಂದ ಬರೆಯುತ್ತಿದ್ದೇನೆ. ತಪ್ಪು ನಕ್ಷೆಯದ್ದಲ್ಲ, ಅದರ ಮೇಲೆ ಇಟ್ಟ ವಸ್ತುವಿನದ್ದು. ಬೇರೆಯವರ ಯಂತ್ರ ಎಲ್ಲಿದೆ ಎಂದು ನಾವು ಊಹಿಸುತ್ತೇವೆ. ನಮ್ಮ ಯಂತ್ರ ಎಲ್ಲಿದೆ ಎಂಬುದನ್ನು ನಾವೇ ಹೋಗಿ ಮೊಳೆ ಹೊಡೆದು ಬಂದಿರುತ್ತೇವೆ.

ನಾನು ನೋಡಿಕೊಳ್ಳುವ ಜಾಲ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಹರಡಿದೆ, ಒಂದೆರಡು ಕೇಂದ್ರಗಳು ಗಡಿಯಾಚೆ ಆಳಂದ ಮತ್ತು ಇಂಡಿಯ ಕಡೆಗೂ ಇವೆ. ಒಂದು ಮಧ್ಯಾಹ್ನ ಒಂದೇ ಗಂಟೆಯೊಳಗೆ ಮೂರು ಕೇಂದ್ರಗಳ ಸಂಪರ್ಕ ತಪ್ಪಿತು. ಅದೇ ವಾರ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಗ್ಗೆ ಒಂದು ಎಚ್ಚರಿಕೆ ಬಂದಿದ್ದುದರಿಂದ, ಯಾರೋ ಒಳಗೆ ನುಗ್ಗಿ ರೂಟರ್‌ಗಳನ್ನು ಒಂದೊಂದಾಗಿ ಕೆಡವುತ್ತಿದ್ದಾರೆ ಎಂದೇ ನಾವು ಭಾವಿಸಿದೆವು; ಉಳಿದ ಕೇಂದ್ರಗಳನ್ನೂ ನಾವೇ ಕಡಿದುಹಾಕುವ ಮಾತು ನಡೆಯುತ್ತಿತ್ತು. ಪಟ್ಟಿಯಲ್ಲಿ ಕೇಂದ್ರಗಳು ಅಕಾರಾದಿಯಾಗಿದ್ದವು, ಆದ್ದರಿಂದ ಆ ಮೂರು ಹೆಸರುಗಳು ಒಂದು ಮೇಲೆ, ಒಂದು ನಡುವೆ, ಒಂದು ಕೊನೆಯಲ್ಲಿ ಕೆಂಪಾಗಿದ್ದವು. ಅವುಗಳ ನಡುವೆ ಏನೂ ಸಂಬಂಧ ಕಾಣಲಿಲ್ಲ. ಅದೇ ಸ್ಥಿತಿಯನ್ನು ನಕ್ಷೆಯ ಮೇಲೆ ಹಾಕಿದಾಗ ಮೂರೂ ಚುಕ್ಕಿಗಳು ಒಂದೇ ರಸ್ತೆಯ ಮೇಲೆ ಸಾಲಾಗಿ ಕುಳಿತವು. ಆ ರಸ್ತೆಯ ಅಗಲೀಕರಣ ನಡೆಯುತ್ತಿತ್ತು. ಮಣ್ಣು ಅಗೆಯುವ ಯಂತ್ರ ಫೈಬರ್ ಅನ್ನು ಕತ್ತರಿಸಿತ್ತು, ಅಷ್ಟೇ. ನಕ್ಷೆ ನೋಡಿದ ಮೇಲೆ ಆ ತೀರ್ಮಾನಕ್ಕೆ ಬರಲು ನಮಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕಾಸರಗೋಡಿನಲ್ಲಿ ತಲಪಾಡಿಯಿಂದ ಚೆಂಗಳದ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಿಸಿದ್ದಾರೆ. ನಿಮ್ಮ ಶಾಖೆಗಳ ಫೈಬರ್ ಆ ದಾರಿಯಲ್ಲಿ ಹೋಗಿದ್ದರೆ ನಾನು ಹೇಳುವುದು ನಿಮಗೆ ಬೇಗ ಅರ್ಥವಾದೀತು. ಮಳೆ, ವಿದ್ಯುತ್ ಕಡಿತ, ರಸ್ತೆ ಕೆಲಸ, ಸಮುದ್ರದಡಿಯ ಕೇಬಲ್, ಇವೆಲ್ಲ ನೆಲಕ್ಕೆ ಅಂಟಿಕೊಂಡ ಕಾರಣಗಳು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಕೇಬಲ್‌ಗಳು ತುಂಡಾದಾಗ ಭಾರತದ ಅಂತರ್ಜಾಲ ಕುಂಟಿದ್ದು ಹಲವರಿಗೆ ನೆನಪಿರಬಹುದು. ಕಾರಣ ನೆಲದಲ್ಲಿದ್ದಾಗ ನಕ್ಷೆ ಬೇಕೇ ಬೇಕು, ದಾಳಿಯಲ್ಲ ಎಂದು ತಿಳಿಯುವುದಕ್ಕಾದರೂ ಬೇಕು.

ಅಪರಾಧ ಪತ್ತೆಯಲ್ಲಿಯೂ ಹೀಗೆಯೇ. ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ 'ಪ್ರತಿಬಿಂಬ' ವ್ಯವಸ್ಥೆ ವಂಚನೆಗೆ ಬಳಕೆಯಾದ ಮೊಬೈಲ್ ಸಂಖ್ಯೆಗಳ ನೆಲೆಯನ್ನು ನಕ್ಷೆಯ ಮೇಲೆ ತೋರಿಸಿ ಆಯಾ ವ್ಯಾಪ್ತಿಯ ಪೊಲೀಸರಿಗೆ ಒದಗಿಸುತ್ತದೆ. ಫೋನ್ ವಂಚನೆಗೆ ಕುಖ್ಯಾತವಾದ ಜಾರ್ಖಂಡ್‌ನ ಜಾಮ್‌ತಾರಾದಂಥ ಕಡೆ ಫೋನ್ ಹಿಡಿದು ಕುಳಿತವನು ನಿಜವಾಗಿಯೂ ಒಂದು ಊರಿನಲ್ಲಿ ಕುಳಿತಿರುತ್ತಾನೆ, ಅವನನ್ನು ಹಿಡಿಯಲು ಒಂದು ಜೀಪು ಆ ಊರಿಗೆ ಹೋಗಬೇಕಾಗುತ್ತದೆ.

ಉತ್ತರ 3: ಎರಡು ಸಿಮ್ (ಉಪ್ಪಳ)

ನಾನು ಉಪ್ಪಳದವನು, ಕೆಲಸ ಮಂಗಳೂರಿನಲ್ಲಿ. ಬೆಂಗಳೂರಿನಿಂದ ಕೊಚ್ಚಿಗೆ ಹಾರಿದ ಆ ಸದಸ್ಯರು ಯಾರೆಂದು ನನಗೆ ಗೊತ್ತಿಲ್ಲವಾದರೂ, ಅದು ನಾನೇ ಆಗಿರಬಹುದು.

ಗಡಿಯ ಈ ಬದಿಯಲ್ಲಿ ಮಂಗಳೂರಿನ ಕಾಲೇಜು, ಆಸ್ಪತ್ರೆ, ವ್ಯಾಪಾರಗಳನ್ನು ಹಚ್ಚಿಕೊಂಡ ಮನೆಗಳಲ್ಲಿ ಒಂದೇ ಫೋನಿನಲ್ಲಿ ಒಂದು ಕರ್ನಾಟಕದ ಸಿಮ್, ಒಂದು ಕೇರಳದ ಸಿಮ್ ಇರುವುದು ಸಾಮಾನ್ಯ. ಟೆಲಿಕಾಂ ಲೆಕ್ಕದಲ್ಲಿ ಈ ಎರಡು ರಾಜ್ಯಗಳೂ ಬೇರೆ ಬೇರೆ ವೃತ್ತಗಳು (ಸರ್ಕಲ್, ಅಂದರೆ ಸೇವಾ ಪ್ರದೇಶಗಳು). ಕರ್ನಾಟಕದ ಸಿಮ್ ಹಿಡಿದು ಕುಂಬಳೆಯಲ್ಲಿ ನಿಂತರೆ ಫೋನು ಅಲ್ಲಿನ ಟವರಿಗೆ ಅಂಟಿಕೊಂಡರೂ, ದತ್ತಾಂಶ ಸಾಮಾನ್ಯವಾಗಿ ಸಿಮ್‌ನ ಮೂಲ ವೃತ್ತದ ಗೇಟ್‌ವೇಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ಆದ್ದರಿಂದ ಹೊರಗಿನವರಿಗೆ ಕಾಣುವ ಐಪಿ ವಿಳಾಸ ನಾನು ನಿಂತ ಊರನ್ನು ಹೇಳುವುದಿಲ್ಲ, ನನ್ನ ಸಿಮ್ ಹುಟ್ಟಿದ ವೃತ್ತವನ್ನು ಹೇಳುತ್ತದೆ. ಮನೆಯ ಜಗಲಿಯಲ್ಲಿ ಕುಳಿತು ಸಿಗ್ನಲ್ ಸಾಲದೆಂದು ಸಿಮ್ ಬದಲಿಸಿದರೆ ಸಾಕು, ನಿಮ್ಮ ನಕ್ಷೆಯಲ್ಲಿ ನಾನು ಬೆಂಗಳೂರಿನಿಂದ ಕೊಚ್ಚಿಗೆ ನೇರ ಅಳತೆಯಲ್ಲಿ ಸುಮಾರು 365 ಕಿಲೋಮೀಟರ್ ಹಾರಿರುತ್ತೇನೆ. ಹತ್ತು ನಿಮಿಷಕ್ಕೆ ಅಷ್ಟು ದೂರವೆಂದರೆ ಗಂಟೆಗೆ 2190 ಕಿಲೋಮೀಟರ್. ಪ್ರಯಾಣಿಕ ವಿಮಾನದ ವೇಗ ಅದರ ಅರ್ಧವೂ ಇಲ್ಲ. 'ಅಸಾಧ್ಯ ಪ್ರಯಾಣ'ದ ಎಚ್ಚರಿಕೆ ಬರೆದವರು ಬಹುಶಃ ಗಡಿಯ ತಲಪಾಡಿ ನೋಡಿಲ್ಲ.

ಹಾಗೆಂದು ಆ ಎಚ್ಚರಿಕೆಯನ್ನು ಪೂರ್ತಿ ನಿಲ್ಲಿಸಬೇಡಿ. ಎರಡು ಬಿಂದುಗಳ ನಡುವಿನ ದೂರದಿಂದ ಎರಡರ ನಿಖರತೆಯ ತ್ರಿಜ್ಯಗಳನ್ನೂ ಕಳೆದು, ಉಳಿದ ದೂರಕ್ಕೆ ಮಾತ್ರ ವೇಗ ಲೆಕ್ಕ ಹಾಕಿದರೆ ನಮ್ಮಂಥವರ ಸುಳ್ಳು ಎಚ್ಚರಿಕೆಗಳಲ್ಲಿ ಹೆಚ್ಚಿನವು ತಾವಾಗಿ ಉದುರುತ್ತವೆ. ಹಿಂದೆ ಬಳಸಿದ ಅದೇ ಫೋನು, ಹಿಂದೆ ಕಂಡ ಅದೇ ಜಾಲ ಎಂದಾದರೆ ಊರು ಬದಲಾದದ್ದನ್ನು ಬಿಟ್ಟುಬಿಡಿ. ಹೊಸ ಫೋನು, ಹೊಸ ಜಾಲ, ಹೊಸ ದೇಶ ಮೂರೂ ಒಟ್ಟಿಗೆ ಬಂದರೆ ಹಿಡಿದು ನಿಲ್ಲಿಸಿ.

ಗಲ್ಫ್ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಯುಎಇಯಲ್ಲಿ ವಾಟ್ಸಾಪ್ ಕರೆಗಳಿಗೆ ತಡೆ ಇರುವುದರಿಂದ, ಅಲ್ಲಿನ ಕಾನೂನಿನ ಭಯವಿದ್ದರೂ, ಮನೆಗೆ ಮಾತನಾಡಲು ಫೋನಿನಲ್ಲಿ ವಿಪಿಎನ್ ಹಾಕಿಕೊಳ್ಳುವವರು ಇದ್ದಾರೆ. ಕರೆ ಮುಗಿದ ಮೇಲೆ ಅದನ್ನು ಆರಿಸಲು ಮರೆತು ನಿಮ್ಮ ಆ್ಯಪ್ ತೆರೆದರೆ, ಶಾರ್ಜಾದ ಸದಸ್ಯರು ನೆದರ್ಲೆಂಡ್ಸ್‌ನ ಬಾಡಿಗೆ ಸರ್ವರ್‌ನಿಂದ ಬಂದಂತೆ ಕಾಣುತ್ತಾರೆ. ಯುಎಇಯನ್ನು ಮಾತ್ರ ತೆರೆದಿಟ್ಟು ಉಳಿದದ್ದೆಲ್ಲ ಮುಚ್ಚಿದರೂ ಇವರು ಹೊರಗೇ ಉಳಿಯುತ್ತಾರೆ. ನನ್ನ ಸಲಹೆಯೆಂದರೆ, ಶಾಖೆಗಳ ವಿಪಿಎನ್ ಮತ್ತು ಆಡಳಿತದ ಲಾಗಿನ್‌ಗಳಿಗೆ ಹೊರದೇಶಗಳನ್ನು ಧಾರಾಳವಾಗಿ ಮುಚ್ಚಿ, ಏಕೆಂದರೆ ನಿಮ್ಮ ಗುಮಾಸ್ತರು ಅಲ್ಲಿಂದ ಕೆಲಸ ಮಾಡುವುದಿಲ್ಲ. ಸದಸ್ಯರ ಆ್ಯಪ್‌ಗೆ ಮಾತ್ರ ದೇಶದ ಬೇಲಿ ಹಾಕಬೇಡಿ, ಎರಡನೆಯ ಹಂತದ ದೃಢೀಕರಣ ಕೇಳಿ. ಮೊಬೈಲ್ ಜಾಲಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಬಹಳಷ್ಟು ಗ್ರಾಹಕರು ಹಂಚಿಕೊಂಡಿರುತ್ತಾರೆ ಎಂಬುದೂ ನೆನಪಿರಲಿ. ಒಂದು ಕೆಂಪು ಚುಕ್ಕಿಯನ್ನು ತಡೆಯಲು ಹೋಗಿ ಅರ್ಧ ಪಂಚಾಯತನ್ನು ತಡೆದೀರಿ.

ಉತ್ತರ 4: ಕಲ್ಲುಗುಡ್ಡ (ಮಡಕಶಿರಾ)

ಮೇಲಿನವರು ಮುಖ್ಯವಾದದ್ದನ್ನೆಲ್ಲ ಹೇಳಿದ್ದಾರೆ. ನಕ್ಷೆ ಉಳಿಸಿಕೊಳ್ಳುವುದಾದರೆ ಎಡವುವ ಕಲ್ಲುಗಳು ಕೆಲವಿವೆ, ಅವನ್ನು ಹೇಳುತ್ತೇನೆ.

ಶಾಖೆಗಳ ಸ್ಥಳವನ್ನು ಕೈಯಿಂದ ತುಂಬುವಾಗ ಕ್ರಮ ನೋಡಿಕೊಳ್ಳಿ. ಎಲಾಸ್ಟಿಕ್‌ಸರ್ಚ್‌ನಲ್ಲಿ ಅಲ್ಪವಿರಾಮವಿಟ್ಟು ಪಠ್ಯವಾಗಿ ಬರೆದರೆ ಅಕ್ಷಾಂಶ ಮೊದಲು, ಆವರಣದೊಳಗೆ ಸಂಖ್ಯೆಗಳ ಸರಣಿಯಾಗಿ ಬರೆದರೆ ರೇಖಾಂಶ ಮೊದಲು. ಕಾಸರಗೋಡು ಸುಮಾರು 12.5 ಉತ್ತರ, 75 ಪೂರ್ವ. ಇದನ್ನು ಹಿಂದುಮುಂದಾಗಿ ಬರೆದರೆ ನಿಮ್ಮ ಕೇಂದ್ರ ಕಚೇರಿ ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್‌ನ ದಕ್ಷಿಣದ ಹಿಮಶೀತಲ ಸಮುದ್ರದಲ್ಲಿ ತೇಲುತ್ತಿರುತ್ತದೆ. 192.168ರಿಂದಲೋ 10ರಿಂದಲೋ ಆರಂಭವಾಗುವ ಒಳಜಾಲದ ವಿಳಾಸಗಳಿಗೆ ಭೂಸ್ಥಳವೇ ಇರುವುದಿಲ್ಲ. ಖಾಲಿ ಬಿಡುವ ಬದಲು ಸೊನ್ನೆ, ಸೊನ್ನೆ ಎಂದು ತುಂಬಿದರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಒಂದು ದೊಡ್ಡ ದಾಳಿಕೋರ ಹುಟ್ಟಿಕೊಳ್ಳುತ್ತಾನೆ. ಅಪಾಯವೆಂದರೆ ನಿಮ್ಮದೇ ಕಚೇರಿಯೊಳಗೆ ಸೋಂಕು ತಗುಲಿದ ಯಂತ್ರ ಇನ್ನೊಂದು ಯಂತ್ರದತ್ತ ಕೈಚಾಚುವುದು ಯಾವ ವಿಶ್ವ ಭೂಪಟದಲ್ಲೂ ಕಾಣಿಸುವುದಿಲ್ಲ.

ಭೂಪಟದ ಪ್ರಕ್ಷೇಪವೂ, ಅಂದರೆ ದುಂಡು ಭೂಮಿಯನ್ನು ಸಮತಟ್ಟಾಗಿ ಬರೆಯುವ ವಿಧಾನವೂ, ಹೆದರಿಸುತ್ತದೆ. ಜಾಲತಾಣಗಳ ನಕ್ಷೆಗಳು ಹೆಚ್ಚಾಗಿ 1569ರ ಮರ್ಕೇಟರ್ ಮಾದರಿಯವು. ಅದರಲ್ಲಿ ಧ್ರುವದ ಹತ್ತಿರದ ನೆಲ ಉಬ್ಬಿ, ರಷ್ಯ ಆಫ್ರಿಕಾಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ರಷ್ಯದ ಸುಮಾರು 1.8 ಪಟ್ಟು ಇದೆ.

ಕೊನೆಯದಾಗಿ ಕಾನೂನಿನ ವಿಷಯ. ಕಿಬಾನಾ, ಅದರಂಥದ್ದೇ ತಂತ್ರಾಂಶವಾದ ಗ್ರಫಾನಾಗಳಲ್ಲಿ ಬರುವ ಹಿನ್ನೆಲೆ ನಕ್ಷೆಗಳು ಜಮ್ಮು ಕಾಶ್ಮೀರದ ಗಡಿಯನ್ನು ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಯಂತೆಯೇ ತೋರಿಸುತ್ತವೆಂದು ನೆಚ್ಚಬೇಡಿ. ಆ ಇಲಾಖೆಯ ನಕ್ಷೆಗೆ ಹೊಂದದ ಭಾರತದ ಭೂಪಟವನ್ನು ಪ್ರಕಟಿಸುವುದು 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ 6 ತಿಂಗಳವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡಕ್ಕೂ ಗುರಿಯಾಗಬಹುದಾದ ಅಪರಾಧ. ಮಹಾಸಭೆಯ ದಿನ ಯಾರಾದರೂ ಆ ಟಿವಿಯ ಮುಂದೆ ನಿಂತು ಚಿತ್ರ ತೆಗೆದು ಸಂಸ್ಥೆಯ ಫೇಸ್‌ಬುಕ್ ಪುಟಕ್ಕೆ ಹಾಕುವ ಮೊದಲೇ ಗಡಿರೇಖೆಯ ಸರಿಯಾದ ಕಡತ ಹಾಕಿಕೊಳ್ಳಿ, ಇಲ್ಲವೇ ದೇಶಗಳ ಗೆರೆಗಳಿಲ್ಲದ, ನಿಮ್ಮ ಜಿಲ್ಲೆ ಮಾತ್ರ ಇರುವ ನಕ್ಷೆಯನ್ನು ಬಳಸಿ.

ಲಾಗ್ ಓದುಗ (ಹೊಸೂರು)

ಅಕ್ಕಲಕೋಟೆಯವರ ಮಾತನ್ನು ಒಪ್ಪಿದೆ. ಸ್ವಂತ ಕೇಂದ್ರಗಳ ನಕ್ಷೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಂಪು ಹಸಿರು ಬಣ್ಣಗಳ ಭೇದ ಗುರುತಿಸಲಾಗದ ಸಹೋದ್ಯೋಗಿ ನಮ್ಮಲ್ಲಿದ್ದಾರೆ, ಆದ್ದರಿಂದ ಸಂಪರ್ಕ ತಪ್ಪಿದ ಶಾಖೆಗೆ ಬಣ್ಣದ ಜೊತೆಗೆ ಆಕಾರವನ್ನೂ ಬದಲಿಸಿ ಎಂಬುದಷ್ಟೇ ನನ್ನ ಸೇರ್ಪಡೆ.

ಚಂದ್ರಗಿರಿ ತೀರ (ಕಾಸರಗೋಡು)

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಏಕೆಂದರೆ ಮಾಡಿ ನೋಡಿ ಬರೆಯಬೇಕೆಂದಿದ್ದೆ.

ಟಿವಿಯಲ್ಲಿ ಈಗ ಇರುವುದು ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳ ನಕ್ಷೆ, ಅದರ ಮೇಲೆ ಶಾಖೆಗಳು ಮಾತ್ರ. ಮೊದಲ ದಿನ ಒಂದು ಶಾಖೆ ಕಾಣೆಯಾಗಿತ್ತು. ನಾರ್ವೆಯ ಉತ್ತರಕ್ಕೆ ನೋಡಿದೆ, ಅಲ್ಲಿಯೇ ಇತ್ತು. ನಿರ್ದೇಶಕರಿಗೆ ಬಾಗಿಲು ತಟ್ಟುವವನ ಹೋಲಿಕೆಯನ್ನು ವಿವರಿಸಿದೆ. ಶಾಖೆಗಳ ವಿಪಿಎನ್‌ಗೆ ಹೊರದೇಶಗಳನ್ನು ಮುಚ್ಚುವುದು, ಸದಸ್ಯರ ಆ್ಯಪನ್ನು ತೆರೆದಿಡುವುದು ಎಂಬ ಉಪ್ಪಳದವರ ಸಲಹೆಗೆ ಒಪ್ಪಿಗೆ ಸಿಕ್ಕಿತು. ಹಿರಿಯ ನಿರ್ದೇಶಕರಿಗೆ ಮಾತ್ರ ಹಳೆಯ ನಕ್ಷೆ ಹೋದದ್ದು ಬೇಸರವೇ. ಮಹಾಸಭೆಯ ದಿನಕ್ಕಾದರೂ ಅದನ್ನು ಹಾಕಬೇಕೆಂದಿದ್ದಾರೆ, ಗಡಿರೇಖೆಯ ಕಡತ ಸಿಕ್ಕಿದ ಮೇಲೆ ಎಂದು ಹೇಳಿ ಉಳಿದುಕೊಂಡಿದ್ದೇನೆ.

ನನ್ನ ಮೇಜಿನ ಪರದೆಯಲ್ಲಿ ಯಶಸ್ವಿ ಲಾಗಿನ್‌ಗಳ ಕೋಷ್ಟಕ ಹಾಕಿದ ಎರಡನೆಯ ಬೆಳಿಗ್ಗೆಯೇ ಒಂದು ಸಾಲು ಕಣ್ಣಿಗೆ ಬಿತ್ತು. ನಿವೃತ್ತರಾದ ಒಬ್ಬ ಸಿಬ್ಬಂದಿಯ ವಿಪಿಎನ್ ಖಾತೆಯಿಂದ, ರಾತ್ರಿ 2 ಗಂಟೆ 40 ನಿಮಿಷಕ್ಕೆ, ಮುಂಬೈಯ ಒಂದು ಬಾಡಿಗೆ ಸರ್ವರ್‌ನ ಮೂಲಕ, ಪ್ರತಿದಿನ. ಹಳೆಯ ಲಾಗ್‌ಗಳನ್ನು ತೆಗೆದು ನೋಡಿದರೆ ತಿಂಗಳುಗಳಿಂದ ಹೀಗೆಯೇ ನಡೆದಿತ್ತು. ವಿಶ್ವ ಭೂಪಟದಲ್ಲಿ ಅದು ಮುಂಬೈಯಲ್ಲಿ ಕಾಣುತ್ತಿದ್ದ ಸದಸ್ಯರ ದೊಡ್ಡ ವೃತ್ತದ ಅಡಿಯಲ್ಲಿತ್ತು. ಎದೆ ಹೊಡೆದುಕೊಂಡದ್ದು ನಿಜ. ವಿಚಾರಿಸಿದಾಗ ತಿಳಿದದ್ದು, ಹಿಂದೆ ನಮಗೆ ತಂತ್ರಾಂಶ ಒದಗಿಸಿದವರು ಬ್ಯಾಕಪ್‌ಗಾಗಿ ಬರೆದ ಒಂದು ಸ್ಕ್ರಿಪ್ಟ್‌ನಲ್ಲಿ ಆ ಸಿಬ್ಬಂದಿಯ ಹೆಸರು ಮತ್ತು ಪಾಸ್‌ವರ್ಡನ್ನೇ ಬರೆದಿಟ್ಟಿದ್ದರು. ಖಾತೆಯನ್ನು ಅಂದೇ ಮುಚ್ಚಿದೆವು. ಬ್ಯಾಕಪ್‌ಗೆ ಬೇರೆ ಖಾತೆ ಮಾಡಿ, ಅದಕ್ಕೆ ಆ ಒಂದೇ ವಿಳಾಸದಿಂದ ಮಾತ್ರ ಪ್ರವೇಶವಿರುವಂತೆ ಕಟ್ಟುಮಾಡಿದ್ದೇವೆ. ಆ ಸರ್ವರ್‌ನಲ್ಲಿರುವ ನಮ್ಮ ಹಳೆಯ ಬ್ಯಾಕಪ್‌ಗಳನ್ನು ಯಾರು ಯಾರು ತೆರೆಯಬಲ್ಲರು ಎಂದು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.